ಯಂತ್ರದ ಮೌನಕ್ಕೆ ಕಿವಿಗೊಡಿ



ಪುಣೆಯ ಕನ್ನಡಿಗರ ಮನೆಗಳಲ್ಲಿ ಈಗ ಎರಡು ಬಗೆಯ ಕೈಗಳಿವೆ. ಒಂದು, ಎಣ್ಣೆ ಗ್ರೀಸು ಮೆತ್ತಿ ಒರಟಾದ ಕೈ. ಇನ್ನೊಂದು, ಕಂಪ್ಯೂಟರಿನ ಕೀಲಿಮಣೆಯ ಮೇಲೆ ಓಡಾಡುವ ಕೈ. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಂಪನಿ ಸ್ಥಾಪನೆಯಾಯಿತು. ಅದರ ಹಿಂದೆಯೇ ಚಿಂಚವಡ, ಆಕುರ್ಡಿ, ಭೋಸರಿಗಳಲ್ಲಿ ಸಣ್ಣವೂ ದೊಡ್ಡವೂ ಆದ ಕಾರ್ಖಾನೆಗಳು ಎದ್ದು ನಿಂತವು. ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಡೆಯಿಂದ ಹೊಟ್ಟೆಪಾಡಿಗೆಂದು ಬಂದ ನಮ್ಮವರು ಅನೇಕರು ಲೇತು, ಮಿಲ್ಲಿಂಗು, ಪ್ರೆಸ್ಸುಗಳ ಮುಂದೆ ನಿಂತು ಸಂಸಾರ ಕಟ್ಟಿದರು. ಅವರ ಮಕ್ಕಳಾದ ನಿಮ್ಮಲ್ಲಿ ಬಹಳ ಜನ ಇಂದು ಹಿಂಜವಡಿಯ ಸಾಫ್ಟ್‌ವೇರ್ ಕಚೇರಿಗಳಿಗೆ ಹೋಗುತ್ತೀರಿ. ಭೋಸರಿಗೂ ಹಿಂಜವಡಿಗೂ ಬಹಳ ದೂರವಿಲ್ಲ. ಆದರೆ ಅಪ್ಪನ ಶೆಡ್ಡಿನಲ್ಲಿ ಏನು ನಡೆಯುತ್ತದೆಂದು ಮಗನಿಗೆ ತಿಳಿಯದು, ಮಗಳ ಕಂಪ್ಯೂಟರಿನಲ್ಲಿ ಏನಿದೆಯೆಂದು ಅಪ್ಪನಿಗೆ ತಿಳಿಯದು.

ಈ ಎರಡು ಕೈಗಳನ್ನು ಕೂಡಿಸಬಲ್ಲ ಒಂದು ವಿಷಯವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಕಾರ್ಖಾನೆಯ ಯಂತ್ರಗಳನ್ನು ತಂತಿಯಿಲ್ಲದೆ, ಕಡಿಮೆ ಖರ್ಚಿನಲ್ಲಿ, ದೂರದಿಂದಲೇ ಗಮನಿಸುವುದು ಮತ್ತು ನಡೆಸುವುದು. ಬಿ.ಎ. ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಮನೆ ನೋಡಿಕೊಂಡು ಬಂದ ಗೃಹಿಣಿಗೆ ಇದೆಲ್ಲ ಯಾಕೆ ಎಂದು ನಗಬೇಡಿ. ಕಾರ್ಖಾನೆಯವರ ಬಳಗದಲ್ಲಿ ಬಾಳಿದವಳಿಗೆ ಯಂತ್ರದ ಸುಖದುಃಖ ಊಟದ ತಟ್ಟೆಯ ಮುಂದೆ ದಿನವೂ ಕಿವಿಗೆ ಬೀಳುತ್ತದೆ. ಅಲ್ಲದೆ, ಈ ವಿದ್ಯೆಯ ಮೂಲಪಾಠ ಅಡುಗೆಮನೆಯಲ್ಲೇ ಇದೆ ಎಂಬುದನ್ನು ಮುಂದೆ ನೋಡುವಿರಂತೆ.

ಹಳೆಯ ಕನಸು, ಹೊಸ ಬೆಲೆ

ತಂತಿಯಿಲ್ಲದೆ ದೂರದ ವಸ್ತುವನ್ನು ನಡೆಸುವ ಆಸೆ ಇಂದಿನದಲ್ಲ. 1895ರ ಆಸುಪಾಸಿನಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಕೋಲ್ಕತ್ತದ ಟೌನ್ ಹಾಲಿನಲ್ಲಿ ಕಣ್ಣಿಗೆ ಕಾಣದ ವಿದ್ಯುತ್ ಅಲೆಗಳನ್ನು ಕಳಿಸಿ, ದೂರದಲ್ಲಿದ್ದ ಗಂಟೆ ಬಾರಿಸಿ, ಮದ್ದಿನ ಪುಡಿಗೆ ಕಿಡಿ ಹಚ್ಚಿ ತೋರಿಸಿದರು. 1898ರಲ್ಲಿ ನಿಕೋಲಾ ಟೆಸ್ಲಾ ಎಂಬ ಮೇಧಾವಿ ನ್ಯೂಯಾರ್ಕಿನಲ್ಲಿ ಒಂದು ಚಿಕ್ಕ ದೋಣಿಯನ್ನು ರೇಡಿಯೋ ಅಲೆಗಳಿಂದಲೇ ನಡೆಸಿದರು. ಅಂದರೆ ನಿಸ್ತಂತು ನಿಯಂತ್ರಣಕ್ಕೆ ನಮ್ಮ ಮುತ್ತಜ್ಜಂದಿರ ವಯಸ್ಸು!

ಕಾರ್ಖಾನೆಯ ಸ್ವಯಂಚಾಲನೆಯೂ ಹಳೆಯದೇ. 1968ರಲ್ಲಿ ಅಮೆರಿಕದಲ್ಲಿ ಡಿಕ್ ಮಾರ್ಲೆ ಮತ್ತು ಅವರ ಸಂಗಡಿಗರು ರೂಪಿಸಿದ ಯಂತ್ರವೇ ಮುಂದೆ ಪಿ.ಎಲ್.ಸಿ. ಎಂದು ಹೆಸರಾಯಿತು. ಗೋಡೆಯಗಲದ ರಿಲೇಗಳ ರಾಶಿ ಮಾಡುವ ಕೆಲಸವನ್ನು ಒಂದು ಪೆಟ್ಟಿಗೆ ಮಾಡಿತು. ಅದರ ಹೆಸರು ಮಾಡಿಕಾನ್. ಅದೇ ಕಂಪನಿ 1979ರಲ್ಲಿ ಯಂತ್ರಗಳು ಪರಸ್ಪರ ಮಾತಾಡಿಕೊಳ್ಳಲು ‘ಮಾಡ್‌ಬಸ್’ ಎಂಬ ಸರಳ ಭಾಷೆಯನ್ನು ರೂಪಿಸಿತು. ಶಾಲೆಯಲ್ಲಿ ಮಾಸ್ತರರು ಹಾಜರಿ ಕೂಗಿದ ಹಾಗೆ ಅದು: “ಐದನೆಯ ನಂಬರು, ನಿನ್ನ ಉಷ್ಣಾಂಶ ಎಷ್ಟು?” ಎಂದು ಕೇಳಿದಾಗ ಆ ಯಂತ್ರವೊಂದೇ ಉತ್ತರಿಸುತ್ತದೆ, ಉಳಿದವು ಬಾಯಿ ಮುಚ್ಚಿಕೊಂಡಿರುತ್ತವೆ. ಈ ಭಾಷೆ ಎಲ್ಲರಿಗೂ ಮುಕ್ತ. ಆದ್ದರಿಂದಲೇ ಇಂದಿಗೂ ಅನೇಕ ವಿದ್ಯುತ್ ಮೀಟರುಗಳು, ಮೋಟಾರಿನ ವೇಗ ಹಿಡಿಯುವ ಡ್ರೈವುಗಳು, ಕುಲುಮೆಯ ಕಾವು ನೋಡುವ ಉಪಕರಣಗಳು ಎರಡು ತಂತಿಯ ಮೇಲೆ ಇದೇ ಭಾಷೆಯನ್ನಾಡುತ್ತವೆ.

ಹೊಸದಾಗಿರುವುದು ಬೆಲೆ. ಮೊದಲು ಇವನ್ನೆಲ್ಲ ಒಂದೆಡೆ ತಂದು ಪರದೆಯ ಮೇಲೆ ತೋರಿಸುವ ವ್ಯವಸ್ಥೆ ಲಕ್ಷಗಳ ಮಾತಾಗಿತ್ತು, ದೊಡ್ಡ ಕಂಪನಿಗಳ ಸೊತ್ತಾಗಿತ್ತು. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳಿಗಾಗಿ ‘ಆರ್ಡುಯಿನೊ’ ಎಂಬ ಅಗ್ಗದ ಸರ್ಕಿಟ್ ಹಲಗೆ ಹುಟ್ಟಿತು. 2014ರಲ್ಲಿ ಚೀನಾದ ಶಾಂಘೈ ನಗರದ ಎಸ್‌ಪ್ರೆಸಿಫ್ ಕಂಪನಿಯ ‘ಇ.ಎಸ್.ಪಿ. 8266’ ಎಂಬ ಚಿಪ್ಪು ಬಂತು. ವೈಫೈ ಅದರೊಳಗೇ ಇತ್ತು. ಅಂಥ ಹಲಗೆ ಇಂದು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಒಂದು ಹೊತ್ತು ನಾಲ್ಕು ಜನ ಹೊಟೇಲಿನಲ್ಲಿ ಊಟ ಮಾಡುವ ಹಣದಲ್ಲಿ ಒಂದು ಯಂತ್ರಕ್ಕೆ ಬಾಯಿ ಬರುತ್ತದೆ. ಇದು ಸಣ್ಣ ಮಾತೇ?

ಕುಕ್ಕರಿನ ಸೀಟಿ

ಯಂತ್ರವನ್ನು ಗಮನಿಸುವುದೆಂದರೇನು? ಮನೆಯಲ್ಲಿ ಬೇಳೆ ಬೇಯಲಿಟ್ಟು ಹೊರಗೆ ಕುಳಿತ ತಾಯಿಯನ್ನು ನೋಡಿ. ಅವಳು ಕುಕ್ಕರಿನ ಮುಂದೆ ನಿಂತಿರುವುದಿಲ್ಲ. ಅವಳ ಕಿವಿ ನಿಂತಿರುತ್ತದೆ. ಒಳಗಿನ ಒತ್ತಡ ಇಷ್ಟಾಯಿತೆಂದು ಸೀಟಿ ಹೇಳುತ್ತದೆ, ಗಾಳಿ ಅದನ್ನು ಹೊತ್ತು ತರುತ್ತದೆ, ಅವಳು ಎಣಿಸಿ ಒಲೆ ಆರಿಸುತ್ತಾಳೆ. ಅಳೆಯುವುದು, ಸಾಗಿಸುವುದು, ಅರ್ಥಮಾಡಿಕೊಳ್ಳುವುದು: ಕಾರ್ಖಾನೆಯಲ್ಲೂ ಈ ಮೂರೇ ಮೆಟ್ಟಿಲು.

ಅಳೆಯಲು ಸೆನ್ಸರುಗಳಿವೆ. ಮೋಟಾರು ಎಷ್ಟು ಕರೆಂಟು ಎಳೆಯುತ್ತಿದೆ ಎಂದು ತಿಳಿಯಲು ತಂತಿಯನ್ನು ಕತ್ತರಿಸಬೇಕಾಗಿಲ್ಲ. ಬಳೆಯ ಹಾಗೆ ತೆರೆದು ಮುಚ್ಚುವ ಒಂದು ಕ್ಲ್ಯಾಂಪನ್ನು ತಂತಿಯ ಸುತ್ತ ತೊಡಿಸಿದರೆ ಸಾಕು. ಮೂರೂ ತಂತಿ ಸೇರಿದ ಕೇಬಲ್ಲಿಗೆ ಅದನ್ನು ತೊಡಿಸಿದರೆ ಮಾತ್ರ ಒಂದರ ಪ್ರಭಾವವನ್ನು ಮತ್ತೊಂದು ಅಳಿಸಿ ಅಳತೆ ಸೊನ್ನೆಯಾಗುತ್ತದೆ. ಬಿಡಿ ತಂತಿಗೇ ತೊಡಿಸಬೇಕು, ಅದನ್ನೂ ಮೇನ್ ಬಂದ್ ಮಾಡಿಸಿ, ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನನ ಕೈಯಿಂದ.

ಸಾಗಿಸಲು ರೇಡಿಯೋ ಅಲೆಗಳಿವೆ. ಅರ್ಥಮಾಡಿಕೊಳ್ಳುವ ಮೂರನೆಯ ಮೆಟ್ಟಿಲು ಇದೆಯಲ್ಲ, ಅದಕ್ಕೆ ಮನುಷ್ಯ ಬೇಕು. ಎಷ್ಟು ಸೀಟಿಗೆ ಬೇಳೆ ಬೆಂದೀತೆಂದು ಕುಕ್ಕರಿಗೆ ಗೊತ್ತಿಲ್ಲ.

ಭೋಸರಿಯ ಒಂದು ಶೆಡ್ಡಿನಲ್ಲಿ

ನನ್ನ ಅಕ್ಕನ ಮಗಳು ಸಾಫ್ಟ್‌ವೇರ್ ಕೆಲಸದವಳು. ಅವಳ ತಂದೆಯದು ಭೋಸರಿಯಲ್ಲಿ ಆರು ಯಂತ್ರಗಳ ಚಿಕ್ಕ ವರ್ಕ್‌ಶಾಪು. ಅಲ್ಲಿ ಬೆಳಗಾವಿ ಕಡೆಯ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ, ಎಲ್ಲರಿಗೂ ಅವರು ‘ಕಾಕಾ’. ಶೆಡ್ಡಿನಲ್ಲಿ 10 ಅಶ್ವಶಕ್ತಿಯ, ಅಂದರೆ ಸುಮಾರು ಏಳೂವರೆ ಕಿಲೋವ್ಯಾಟಿನ ಒಂದು ಸ್ಕ್ರೂ ಕಂಪ್ರೆಸರ್. ಬೆಳಗಿನ ಪಾಳಿ ಬಂದ ಕೂಡಲೆ ಗಾಳಿಯ ಒತ್ತಡ ಸಿದ್ಧವಿರಲೆಂದು ಅದನ್ನು ರಾತ್ರಿಯಿಡೀ ಚಾಲೂ ಬಿಡುವ ರೂಢಿ. ಗಾಳಿ ಯಾರೂ ಬಳಸದಿದ್ದರೂ ಇಂಥ ಕಂಪ್ರೆಸರ್ ತನ್ನ ಪೂರ್ತಿ ಶಕ್ತಿಯ ಕಾಲುಭಾಗದಿಂದ ಮೂರರಲ್ಲೊಂದು ಭಾಗದಷ್ಟು ವಿದ್ಯುತ್ತನ್ನು ಎಳೆಯುತ್ತಲೇ ಇರುತ್ತದೆ.

ಲೆಕ್ಕ ಹಾಕಿ ನೋಡಿ. ಶೇಕಡಾ 30 ಎಂದು ಹಿಡಿದರೆ ತಾಸಿಗೆ ಎರಡೂಕಾಲು ಯೂನಿಟ್ಟು. ಹತ್ತು ತಾಸಿನ ರಾತ್ರಿಗೆ 22 ಯೂನಿಟ್ಟಿನ ಮೇಲಾಯಿತು. ಯೂನಿಟ್ಟಿಗೆ 8 ರೂಪಾಯಿ ಎಂದುಕೊಂಡರೂ ರಾತ್ರಿಗೆ 180 ರೂಪಾಯಿ, ತಿಂಗಳ 25 ರಾತ್ರಿಗೆ 4,500 ರೂಪಾಯಿ. ಯಾರೂ ಬಳಸದ ಗಾಳಿಗೆ!

ಹುಡುಗಿ ಎರಡು ಸಾವಿರ ರೂಪಾಯಿಯೊಳಗೆ ಒಂದು ಡಬ್ಬಿ ತಯಾರಿಸಿದಳು. ಒಂದು ಹಲಗೆ, ಒಂದು ಕ್ಲ್ಯಾಂಪು, ಒಂದು ಅಡಾಪ್ಟರು, ಅಷ್ಟೆ. ಮರುದಿನ ಮೊಬೈಲಿನಲ್ಲಿ ಮೂಡಿದ ರೇಖೆ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ರಾತ್ರಿ ಯಂತ್ರಗಳೆಲ್ಲ ಮಲಗಿದ ಮೇಲೂ ಕಂಪ್ರೆಸರ್ ಕೆಲವು ನಿಮಿಷಕ್ಕೊಮ್ಮೆ ಪೂರ್ತಿ ಭಾರ ಹೊತ್ತು ಏಳುತ್ತಿತ್ತು. ಬಳಸುವವರಿಲ್ಲದಿದ್ದರೆ ಗಾಳಿ ಹೋಗುವುದೆಲ್ಲಿಗೆ?

ರೇಖೆಯನ್ನು ನೋಡಿ ಕಾಕಾ ಏನೂ ಹೇಳಲಿಲ್ಲ. ಸಂಜೆ ಶೆಡ್ಡು ಬಂದಾದ ಮೇಲೆ ಒಂದು ಬಟ್ಟಲು ಸಾಬೂನಿನ ನೀರು, ಒಂದು ಕುಂಚ ಹಿಡಿದು ಪೈಪಿನ ಗುಂಟ ಕಿವಿಗೊಟ್ಟು ನಡೆದರು. ಸುಸ್ಸೆಂದಲ್ಲಿ ಸಾಬೂನು ಹಚ್ಚಿದರು. ಗುಳ್ಳೆ ಎದ್ದಲ್ಲಿ ಸೀಮೆಸುಣ್ಣದ ಗುರುತು ಮಾಡಿದರು. ಎರಡು ಕಪ್ಲಿಂಗು, ಒಂದು ನೀರು ಬಿಡುವ ವಾಲ್ವು ಸೋರುತ್ತಿದ್ದವು. ಸೋರುತ್ತಿದೆ ಎಂದು ಡಬ್ಬಿ ಹೇಳಿತು, ಎಲ್ಲಿ ಎಂದು ಕಾಕಾನ ಕಿವಿ ಹೇಳಿತು. ಒಂದರಿಂದ ಇನ್ನೊಂದರ ಕೆಲಸ ಆಗುತ್ತಿರಲಿಲ್ಲ.

ಆಮೇಲೆ ರಾತ್ರಿ ಕಂಪ್ರೆಸರ್ ಬಂದ್ ಮಾಡುವ ರೂಢಿ ಬಂತು. ರಾತ್ರಿ 9ರ ನಂತರವೂ ಅದು ಓಡುತ್ತಿದ್ದರೆ ಮೊಬೈಲಿಗೆ ಸಂದೇಶ ಬರುವಂತೆ ಹುಡುಗಿ ಏರ್ಪಾಡು ಮಾಡಿದಳು. ಒಂದು ವಾರ ಮೂರು ರಾತ್ರಿ ಸಂದೇಶವೇ ಬರಲಿಲ್ಲ. ಸಂದೇಶವಿಲ್ಲ, ಆದ್ದರಿಂದ ಎಲ್ಲ ಸರಿಯಾಗಿದೆ ಎಂದು ಭಾವನವರು ನಿಶ್ಚಿಂತೆಯಿಂದ ನಿದ್ದೆ ಮಾಡಿದರು. ನಾಲ್ಕನೆಯ ಬೆಳಗು ನೋಡಿದರೆ ಡಬ್ಬಿಯ ಪ್ಲಗ್ಗು ಕಿತ್ತು, ಅಲ್ಲಿ ಯಾರದೋ ಮೊಬೈಲು ಚಾರ್ಜಿಗೆ ಇಟ್ಟಿದ್ದರು. ಕಂಪ್ರೆಸರ್ ಮೂರು ರಾತ್ರಿಯೂ ಓಡಿತ್ತು.

ಕಾಕಾ ನಗುತ್ತ ಹೇಳಿದರಂತೆ: “ಯವ್ವಾ, ನಿನ್ನ ಡಬ್ಬಿ ಸುಮ್ಮ ಕುಂತೈತಿ ಅಂದ್ರ ಎಲ್ಲಾ ಬರೋಬ್ಬರಿ ಐತಿ ಅಂತ ಹೆಂಗ ತಿಳಕೊಂಡ್ರಿ? ನಮ್ಮ ಮನ್ಯಾಗ ಅಕಿ ಸುಮ್ಮ ಕುಂತ್ಲಂದ್ರ ನಾ ಮೊದಲ ಹೆದರತೀನಿ!”

ಮೌನ ಸಮ್ಮತಿಯಲ್ಲ

ಮಕ್ಕಳೇ, ಈ ಲೇಖನದಲ್ಲಿ ನೀವು ಒಂದೇ ಮಾತನ್ನು ನೆನಪಿಡುವುದಾದರೆ ಕಾಕಾನ ಆ ಮಾತನ್ನು ನೆನಪಿಡಿ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಗಾದೆ ಮದುವೆಯ ಮಾತುಕತೆಗೆ ಸರಿಹೋದೀತು, ಯಂತ್ರಗಳಿಗೆ ಸಲ್ಲದು. ತಂತಿಯಿಲ್ಲದ ಸಂಪರ್ಕದಲ್ಲಿ ಮೌನಕ್ಕೆ ಎರಡು ಅರ್ಥ: ‘ಹೇಳುವಂಥದು ಏನಿಲ್ಲ’ ಎಂಬುದೊಂದು, ‘ಹೇಳಲು ನಾನೇ ಇಲ್ಲ’ ಎಂಬುದಿನ್ನೊಂದು. ಎರಡನ್ನೂ ಬೇರೆ ಮಾಡುವುದು ನಿಮ್ಮ ಮೊದಲ ಕೆಲಸ.

ಹಳೆಯ ಕಾಲದ ಇಂಜಿನಿಯರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಾರ್ಖಾನೆಯ ಅಳತೆಯ ಉಪಕರಣಗಳಲ್ಲಿ 4ರಿಂದ 20 ಮಿಲಿಆಂಪಿಯರ್ ಎಂಬ ಪದ್ಧತಿಯೊಂದಿದೆ. ಅಳತೆ ಸೊನ್ನೆಯಿದ್ದಾಗ ತಂತಿಯಲ್ಲಿ 4 ಮಿಲಿಆಂಪಿಯರ್ ಹರಿಯುತ್ತದೆ, ಪೂರ್ತಿಯಿದ್ದಾಗ 20. ಸೊನ್ನೆಯಿಂದಲೇ ಯಾಕೆ ಆರಂಭಿಸಲಿಲ್ಲ ಎಂದರೆ, ಟಾಕಿ ಖಾಲಿಯಾಗಿದ್ದರೂ ‘ಖಾಲಿ ಇದೆ’ ಎಂದು ಹೇಳಲು ಒಂದಿಷ್ಟು ಕರೆಂಟು ಹರಿಯುತ್ತಲೇ ಇರಬೇಕು. ಪೂರ್ತಿ ಸೊನ್ನೆಯಾಯಿತೆಂದರೆ ತಂತಿ ತುಂಡಾಗಿದೆ ಎಂದರ್ಥ. ಎಷ್ಟು ಸರಳ, ಎಷ್ಟು ಜಾಣ್ಮೆ!

ನಿಸ್ತಂತು ಲೋಕದಲ್ಲೂ ಇದೇ ಉಪಾಯವಿದೆ. 1999ರಲ್ಲಿ ಆ್ಯಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬಿಬ್ಬರು ತೈಲದ ಪೈಪುಗಳನ್ನು ಉಪಗ್ರಹದ ಮೂಲಕ ಗಮನಿಸಲು ಎಂ.ಕ್ಯೂ.ಟಿ.ಟಿ. ಎಂಬ ಸಂದೇಶ ಪದ್ಧತಿಯನ್ನು ರಚಿಸಿದರು. ಉಪಗ್ರಹದ ಸಂಪರ್ಕ ದುಬಾರಿಯಾದ್ದರಿಂದ ಒಂದೊಂದು ಅಕ್ಷರವನ್ನೂ ಉಳಿಸಿ ಅದನ್ನು ಕಟ್ಟಿದರು. ಅದಕ್ಕೇ ಅದು ಇಂದಿನ ಅಗ್ಗದ ಹಲಗೆಗಳಿಗೆ ಹೇಳಿ ಮಾಡಿಸಿದಂತಿದೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ‘ಉಯಿಲು’. ಉಪಕರಣವು ಸಂಪರ್ಕಕ್ಕೆ ಬಂದ ಕೂಡಲೆ ನಡುವಿನ ಕಂಪ್ಯೂಟರಿನ ಬಳಿ ಒಂದು ಉಯಿಲು ಬರೆದಿಡಬಹುದು: “ನಾನು ಹೇಳದೆ ಕೇಳದೆ ಮಾಯವಾದರೆ ಎಲ್ಲರಿಗೂ ಈ ಮಾತು ತಿಳಿಸಿ.” ಆಗಾಗ ಬರಬೇಕಾದ ಹಾಜರಿ ತಪ್ಪಿದರೆ ಆ ಕಂಪ್ಯೂಟರು ಉಯಿಲನ್ನು ಓದಿ ಹೇಳುತ್ತದೆ.

ನೀವು ರಾತ್ರಿ ಬಸ್ಸಿಗೆ ಊರಿಗೆ ಹೊರಟಾಗ “ತಲುಪಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು” ಎಂದು ಅಮ್ಮ ಹೇಳುವುದಿಲ್ಲವೇ? ಬೆಳಿಗ್ಗೆ ಆರಕ್ಕೆ ಬರಬೇಕಾದ ಕರೆ ಏಳಾದರೂ ಬಾರದಿದ್ದರೆ ಅವಳ ಎದೆ ಹೊಡೆದುಕೊಳ್ಳುತ್ತದೆ. ಅವಳಿಗೆ ಸುದ್ದಿ ಬಾರದಿರುವುದೇ ಸುದ್ದಿ. ಅಕ್ಕನ ಮಗಳು ತನ್ನ ಡಬ್ಬಿಗೂ ಅದನ್ನೇ ಕಲಿಸಿದಳು. ಅದೀಗ ಹತ್ತು ನಿಮಿಷಕ್ಕೊಮ್ಮೆ ‘ಇದ್ದೇನೆ’ ಎನ್ನುತ್ತದೆ. ಮೂರು ಸಲ ಹಾಜರಿ ತಪ್ಪಿದರೆ ಭಾವನವರ ಫೋನು ಕೂಗುತ್ತದೆ.

ಯಾವ ಅಲೆಯ ಬೆನ್ನೇರಬೇಕು?

ಗಾಳಿಯಲ್ಲಿ ಅಲೆ ಬಿಡಲು ಸರಕಾರದ ಪರವಾನಿಗೆ ಬೇಕು. ಆದರೆ ಕೆಲವು ಪಟ್ಟಿಗಳನ್ನು, ನಿಗದಿಯಾದ ಶಕ್ತಿಯ ಮಿತಿಯೊಳಗೆ, ಜನರ ಬಳಕೆಗೆ ಮುಕ್ತವಾಗಿ ಬಿಡಲಾಗಿದೆ. ವೈಫೈ ಓಡುವ 2.4 ಗಿಗಾಹರ್ಟ್ಸ್ ಪಟ್ಟಿ ಅಂಥದು. 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಗೂ ವಿನಾಯಿತಿ ಸಿಕ್ಕಿತು, 2021ರಲ್ಲಿ ಅದನ್ನು 868ರವರೆಗೆ ವಿಸ್ತರಿಸಿದರು.

ವೈಫೈ ಒಂದು ಶೆಡ್ಡಿನೊಳಗೆ ಸಾಕು. ಅಂಗಳದಾಚೆಯ ನೀರಿನ ಟಾಕಿ, ಒಂದೆರಡು ಕಿಲೋಮೀಟರ್ ದೂರದ ಪಂಪು ಇಂಥವಕ್ಕೆ 865ರ ಪಟ್ಟಿಯ ‘ಲೋರಾ’ ಎಂಬ ಪದ್ಧತಿ ಒಳ್ಳೆಯದು. ಫ್ರಾನ್ಸಿನ ಗ್ರೆನೋಬ್ಲ್ ನಗರದ ಸೈಕ್ಲಿಯೋ ಎಂಬ ಪುಟ್ಟ ಕಂಪನಿಯಲ್ಲಿ ಹುಟ್ಟಿದ ಈ ವಿದ್ಯೆಯನ್ನು 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಕೊಂಡುಕೊಂಡಿತು. ಅದು ನಿಧಾನವಾಗಿ, ಸ್ವಲ್ಪವೇ ಮಾತಾಡುತ್ತದೆ, ಆದರೆ ದೂರಕ್ಕೆ ಕೇಳಿಸುತ್ತದೆ. ಚಿಕ್ಕ ಬ್ಯಾಟರಿಯ ಮೇಲೆ ಬಹುಕಾಲ ಬಾಳುತ್ತದೆ. ಒಂದು ಎಚ್ಚರಿಕೆ: ಅಗ್ಗವೆಂದು ಅಮೆರಿಕದ 915 ಮೆಗಾಹರ್ಟ್ಸಿನ ಉಪಕರಣ ತರಿಸಬೇಡಿ, ಆ ಪಟ್ಟಿ ನಮ್ಮಲ್ಲಿ ಮುಕ್ತವಲ್ಲ. ಇನ್ನೂ ದೂರಕ್ಕಾದರೆ ಸಿಮ್ ಕಾರ್ಡಿನ ಮೋಡೆಮ್ ಇದ್ದೇ ಇದೆ.

ಶೆಡ್ಡಿನ ಗುಣವನ್ನೂ ಅರಿಯಬೇಕು. ತಗಡಿನ ಗೋಡೆ, ಕಬ್ಬಿಣದ ಯಂತ್ರಗಳಿಗೆ ಬಡಿದು ಅಲೆಗಳು ಚೆದರುತ್ತವೆ. ಉಕ್ಕಿನ ಪ್ಯಾನೆಲ್ಲಿನೊಳಗೆ ಹಲಗೆಯನ್ನು ಅಂಟೆನಾ ಸಹಿತ ಇಟ್ಟು ಬಾಗಿಲು ಹಾಕಿದರೆ, ಮುಚ್ಚಿದ ಸ್ಟೀಲ್ ಡಬ್ಬಿಯೊಳಗೆ ಕುಳಿತು ಕೂಗಿದ ಹಾಗಾಗುತ್ತದೆ. ಅಂಟೆನಾ ಹೊರಗಿರಲಿ. ಡ್ರೈವುಗಳು ಎಬ್ಬಿಸುವ ವಿದ್ಯುತ್ ಗದ್ದಲದಿಂದ ಆದಷ್ಟು ದೂರವಿರಲಿ. ಮನೆಯ ಮೇಜಿನ ಮೇಲೆ ಚೆನ್ನಾಗಿ ಓಡಿದ್ದು ಶೆಡ್ಡಿನಲ್ಲಿ ಮುಗ್ಗರಿಸಿದರೆ ಎದೆಗುಂದಬೇಡಿ, ಜಾಗ ಬದಲಿಸಿ ನೋಡಿ.

ನೋಡುವುದು ಬೇರೆ, ಆಜ್ಞೆ ಮಾಡುವುದು ಬೇರೆ

ಇಲ್ಲಿಯವರೆಗೆ ಹೇಳಿದ್ದು ನೋಡುವ ಮಾತು. ದೂರದಿಂದ ಯಂತ್ರವನ್ನು ಚಾಲೂ ಮಾಡುವ ಆಸೆ ಈಗ ನಿಮಗೆ ಬಂದಿರಲಿಕ್ಕೆ ಸಾಕು. ಅದರಿಂದ ಆಗುವ ಉಪಕಾರ ದೊಡ್ಡದು. ನಮ್ಮ ಪುಣೆಯವರೇ ಆದ ಸಂತೋಷ ಓಸ್ತವಾಲ್ ಎಂಬ ಇಂಜಿನಿಯರರು, ವಯಸ್ಸಾದ ತಮ್ಮ ಅಜ್ಜ ಹೊತ್ತಲ್ಲದ ಹೊತ್ತಿನಲ್ಲಿ ಪಂಪು ಹಾಕಲು ಹೊಲಕ್ಕೆ ಹೋಗಿಬರುವ ಕಷ್ಟವನ್ನು ಕಂಡವರು. ಆ ನೋವಿನಿಂದ ಹುಟ್ಟಿದ್ದು ‘ನ್ಯಾನೋ ಗಣೇಶ’ ಎಂಬ ಸಾಧನ. ಪಂಪಿನ ಸ್ಟಾರ್ಟರಿಗೆ ಅದನ್ನು ಜೋಡಿಸಿದರೆ ರೈತ ಮನೆಯಲ್ಲೇ ಕುಳಿತು ಮೊಬೈಲಿನಿಂದ ಪಂಪು ಚಾಲೂ ಮಾಡಬಹುದು, ಬಂದ್ ಮಾಡಬಹುದು, ಕರೆಂಟು ಇದೆಯೋ ಇಲ್ಲವೋ ತಿಳಿಯಬಹುದು. 2009ರಲ್ಲಿ ನೋಕಿಯಾ ಕಂಪನಿಯ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು. ರಾತ್ರಿ ಪಾಳಿಯ ಕರೆಂಟಿಗೆ ಕಾದು, ಹಾವು ಚೇಳುಗಳ ನಡುವೆ ಕತ್ತಲಲ್ಲಿ ಹೊಲಕ್ಕೆ ನಡೆಯುವುದೆಂದರೆ ಏನೆಂದು ನಮ್ಮ ಉತ್ತರ ಕರ್ನಾಟಕದ ರೈತರನ್ನು ಕೇಳಿ. ಊರಿಗೆ ಹೋದಾಗ ನಿಮ್ಮ ಸೋದರಮಾವನನ್ನೇ ಕೇಳಬಹುದು.

ಆದರೆ ಹೊಲದ ಪಂಪಿಗೂ ಕಾರ್ಖಾನೆಯ ಪ್ರೆಸ್ಸಿಗೂ ವ್ಯತ್ಯಾಸವಿದೆ. ಪ್ರೆಸ್ಸಿನ ಬಾಯಲ್ಲಿ ಮನುಷ್ಯನ ಕೈ ಇರಬಹುದು. ಮಿಸ್ತ್ರಿಯೊಬ್ಬ ಒಳಗೆ ಬಗ್ಗಿ ಚೂರು ತೆಗೆಯುತ್ತಿರುವಾಗ ನೀವು ಹಿಂಜವಡಿಯಲ್ಲಿ ಕುಳಿತು ಗುಂಡಿ ಒತ್ತಿದರೆ ಏನಾಗುತ್ತದೆ? ಬರೆಯಲೂ ಕೈ ನಡುಗುತ್ತದೆ. ಆದ್ದರಿಂದ ಮೂರು ಕಟ್ಟಳೆಗಳನ್ನು ಮೀರಬೇಡಿ.

ಮೊದಲನೆಯದು, ಕೆಂಪು ಅಣಬೆಯಂಥ ತುರ್ತು ನಿಲುಗಡೆಯ ಗುಂಡಿ ಯಾವಾಗಲೂ ತಂತಿಯ ಮೇಲೆಯೇ ಇರಲಿ, ಯಂತ್ರದ ಪಕ್ಕದಲ್ಲೇ ಇರಲಿ. ನಾನೂರು ರೂಪಾಯಿಯ ಹಲಗೆಗೆ ಮನುಷ್ಯನ ಪ್ರಾಣ ಒಪ್ಪಿಸಬಾರದು. ಕ್ರೇನುಗಳನ್ನು ನಡೆಸುವ ರೇಡಿಯೋ ರಿಮೋಟುಗಳಲ್ಲಿ ನಿಸ್ತಂತು ನಿಲುಗಡೆ ಇದೆಯಲ್ಲ ಎನ್ನಬಹುದು. ಅವು ಸುರಕ್ಷತೆಗೆಂದೇ ಪರೀಕ್ಷೆಗೊಳಪಟ್ಟ ಉಪಕರಣಗಳು. ಸಂಪರ್ಕ ತಪ್ಪಿದ ಕೂಡಲೆ ಕ್ರೇನು ತಾನಾಗಿ ನಿಲ್ಲುವಂತೆ ಅವನ್ನು ಕಟ್ಟಿರುತ್ತಾರೆ. ಮೌನವನ್ನು ಅಪಾಯವೆಂದು ತಿಳಿಯುವ ನೀತಿ ಅಲ್ಲಿಯೂ ಕಾಣುತ್ತದೆ, ನೋಡಿ.

ಎರಡನೆಯದು, ಪ್ಯಾನೆಲ್ಲಿನ ಮೇಲೆ ‘ಇಲ್ಲಿಂದ’ ಅಥವಾ ‘ದೂರದಿಂದ’ ಎಂದು ಆರಿಸುವ ಬೀಗದ ಸ್ವಿಚ್ಚು ಇರಲಿ. ದುರಸ್ತಿಗೆ ಕೈಹಾಕುವವನು ಮೇನ್ ಬಂದ್ ಮಾಡಿ, ಬೀಗ ಹಾಕಿ, ಕೀಲಿ ತನ್ನ ಕಿಸೆಯಲ್ಲಿಟ್ಟುಕೊಳ್ಳಲಿ. ಕೀಲಿ ಅವನ ಬಳಿ ಇರುವ ತನಕ ಜಗತ್ತಿನ ಯಾವ ಮೊಬೈಲಿನ ಮಾತೂ ಆ ಯಂತ್ರಕ್ಕೆ ತಾಗಬಾರದು. ಹೋದ ಕರೆಂಟು ಮರಳಿ ಬಂದಾಗ ಯಂತ್ರ ತಾನಾಗಿ ಚಾಲೂ ಆಗಲೂಬಾರದು.

ಮೂರನೆಯದು, ಪಾಸ್‌ವರ್ಡು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮರೂಚಿ ಎಂಬ ಪ್ರದೇಶದಲ್ಲಿ ಕೊಳಚೆ ನೀರಿನ ಪಂಪುಗಳನ್ನು ರೇಡಿಯೋ ಮೂಲಕ ನಡೆಸುತ್ತಿದ್ದರು. 2000ನೇ ಇಸವಿಯಲ್ಲಿ, ಆ ವ್ಯವಸ್ಥೆಯನ್ನು ಅಳವಡಿಸಿದ ಕಂಪನಿಯಲ್ಲಿ ಹಿಂದೆ ಕೆಲಸಕ್ಕಿದ್ದ ಒಬ್ಬಾತ ಸಿಟ್ಟಿನಿಂದ ಕಾರಿನಲ್ಲಿ ರೇಡಿಯೋ ಮತ್ತು ಕಂಪ್ಯೂಟರ್ ಇಟ್ಟುಕೊಂಡು ಸುತ್ತಾಡುತ್ತ ಪಂಪುಗಳಿಗೆ ಸುಳ್ಳು ಆಜ್ಞೆ ಕಳಿಸಿದ. ಸುಮಾರು 8 ಲಕ್ಷ ಲೀಟರ್ ಕೊಳಚೆ ಉದ್ಯಾನಗಳಿಗೂ ಹಳ್ಳಗಳಿಗೂ ಹರಿಯಿತು. 2001ರಲ್ಲಿ ಅವನಿಗೆ ಜೈಲುಶಿಕ್ಷೆಯಾಯಿತು. ಗೋಡೆಗೆ ಬೀಗವಿದ್ದರೆ ಸಾಲದು, ಗಾಳಿಗೂ ಬೀಗ ಬೇಕು. ಪೆಟ್ಟಿಗೆಯೊಡನೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ಸಂದೇಶಗಳು ಗುಪ್ತಲಿಪಿಯಲ್ಲಿ ಸಾಗುವಂತೆ ನೋಡಿಕೊಳ್ಳಿ. ಕಚೇರಿಯ, ಅತಿಥಿಗಳ ವೈಫೈ ಬೇರೆ, ಯಂತ್ರಗಳ ವೈಫೈ ಬೇರೆ ಇರಲಿ. ಕೆಲಸ ಬಿಟ್ಟು ಹೋದವರ ಪ್ರವೇಶವನ್ನು ಅಂದೇ ರದ್ದು ಮಾಡಿ.

ಕಾವಲೋ, ಬೇಹುಗಾರಿಕೆಯೋ?

ಇನ್ನೊಂದು ಮಾತು, ಇದು ಯಂತ್ರದ್ದಲ್ಲ, ಮನುಷ್ಯರದು. ಯಂತ್ರ ನಿಂತ ನಿಮಿಷಗಳನ್ನು ಡಬ್ಬಿ ಎಣಿಸುತ್ತದೆ. ಅದೇ ಎಣಿಕೆಯಿಂದ ಕಾರ್ಮಿಕ ಚಹಾ ಕುಡಿಯಲು ಹೋದ ನಿಮಿಷವನ್ನೂ ಎಣಿಸಬಹುದು. ಶೆಡ್ಡಿಗೆ ಡಬ್ಬಿ ಬಂದ ಮೊದಲ ದಿನ ಹುಡುಗರು ಅದನ್ನು ಸಂಶಯದಿಂದಲೇ ನೋಡಿದರಂತೆ. ಅದು ಸಹಜವೇ. ಯಂತ್ರ ಸುಮ್ಮನೆ ನಿಲ್ಲುವುದಕ್ಕೆ ಕಚ್ಚಾ ಮಾಲು ಬಾರದಿರುವುದು, ಟೂಲು ಸವೆದಿರುವುದು, ಕರೆಂಟು ಹೋಗಿರುವುದು ಹೀಗೆ ನೂರು ಕಾರಣ. ಎಣಿಕೆ ಅದನ್ನು ಹೇಳುವುದಿಲ್ಲ, ಯಂತ್ರದ ಮುಂದೆ ನಿಂತವನು ಹೇಳುತ್ತಾನೆ.

ನಮ್ಮ ಹುಡುಗಿ ಒಂದು ಒಳ್ಳೆಯ ಕೆಲಸ ಮಾಡಿದಳು. ಮಾಲೀಕನ ಮೊಬೈಲಿನಲ್ಲಿ ಕಾಣುವ ರೇಖೆಯನ್ನೇ ಶೆಡ್ಡಿನ ಗೋಡೆಯ ಮೇಲೂ ಒಂದು ಹಳೆಯ ಪರದೆಯಲ್ಲಿ ಹಾಕಿಸಿದಳು. ಗುಟ್ಟು ಹೋದ ಮೇಲೆ ಸಂಶಯವೂ ಹೋಯಿತು. ಈಗ ಕಾಕಾ ಬೆಳಿಗ್ಗೆ ಬಂದವರೇ ಪರದೆ ನೋಡಿ, ಆಮೇಲೆ ಯಂತ್ರದ ಮೈಮೇಲೆ ಕೈಯಿಟ್ಟು, ಎರಡೂ ಒಂದೇ ಮಾತು ಹೇಳುತ್ತವೆಯೋ ಎಂದು ತಾಳೆ ನೋಡುತ್ತಾರೆ. ಬೇರಿಂಗಿನ ಸದ್ದು ಬದಲಾಯಿತೆಂದು ಅವರು ಹೇಳಿದ ದಿನವನ್ನು ಹುಡುಗಿ ಬರೆದಿಡುತ್ತಾಳೆ, ಆ ದಿನದ ರೇಖೆಯನ್ನು ಹಿಂದಿರುಗಿ ನೋಡುತ್ತಾಳೆ.

ಇಂಥ ಕಿವಿಗಳು ಬಹಳ ದಿನ ಉಳಿಯುವುದಿಲ್ಲ ಎಂಬುದೇ ನನ್ನ ಚಿಂತೆ. ನಮ್ಮ ತಲೆಮಾರಿನ ಮಿಸ್ತ್ರಿಗಳು ಒಬ್ಬೊಬ್ಬರಾಗಿ ನಿವೃತ್ತರಾಗಿ ಊರಿಗೆ ಮರಳುತ್ತಿದ್ದಾರೆ. ನಲವತ್ತು ವರ್ಷ ಕಿವಿಯಲ್ಲಿ ಕೂಡಿಟ್ಟ ವಿದ್ಯೆಯನ್ನು ಅವರು ಯಾವ ಪುಸ್ತಕದಲ್ಲೂ ಬರೆದಿಲ್ಲ. ಆ ವಿದ್ಯೆ ಇರುವುದು ಕನ್ನಡದಲ್ಲಿ, ಅದರಲ್ಲೂ ಬೆಳಗಾವಿಯ, ವಿಜಯಪುರದ ಆಡುಮಾತಿನಲ್ಲಿ. ಅದನ್ನು ಕೇಳಿ ತಿಳಿಯಬಲ್ಲವರೂ, ತಿಳಿದದ್ದನ್ನು ಕಂಪ್ಯೂಟರಿಗೆ ಹೇಳಬಲ್ಲವರೂ ನೀವೇ. ಈ ಪತ್ರಿಕೆಯನ್ನು ಅಕ್ಷರ ಕೂಡಿಸಿ ಕೂಡಿಸಿ ಓದುವವರಿಗೂ ಮನೆಮಾತು ಕಿವಿಯಲ್ಲಿದೆಯಲ್ಲ, ಅಷ್ಟು ಸಾಕು. ಬೆಳಗಾವಿಯ ಉದ್ಯಮಬಾಗದಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಬೆಂಗಳೂರಿನ ಪೀಣ್ಯದಲ್ಲಿ ಇಂಥ ಶೆಡ್ಡುಗಳು ಎಷ್ಟಿವೆ! ಇಲ್ಲಿ ಕಲಿತದ್ದು ಅಲ್ಲಿಯೂ ಸಲ್ಲುತ್ತದೆ.

ಹಾಗಾದರೆ ಆರಂಭ ಎಲ್ಲಿಂದ? ಆರೂ ಯಂತ್ರಕ್ಕೆ ಒಮ್ಮೆಲೇ ಕೈಹಾಕಬೇಡಿ. ಒಂದು ಯಂತ್ರ ಆರಿಸಿ. ಒಂದೇ ಒಂದು ಪ್ರಶ್ನೆ ಕೇಳಿ: ಇದು ರಾತ್ರಿ ಓಡುತ್ತಿದೆಯೇ, ಇದರ ಕಾವು ಎಷ್ಟು, ಈ ಟಾಕಿ ತುಂಬಿದೆಯೇ? ಒಂದು ತಿಂಗಳು ಸುಮ್ಮನೆ ನೋಡಿ, ಆಜ್ಞೆಯ ಗೋಜಿಗೆ ಹೋಗಬೇಡಿ. ‘ಇದ್ದೇನೆ’ ಎನ್ನುವ ಹಾಜರಿಯನ್ನು ಮೊದಲ ದಿನದಿಂದಲೇ ಇಡಿ. ಕಂಡದ್ದನ್ನು ಯಂತ್ರದ ಮುಂದೆ ನಿಲ್ಲುವವರಿಗೆ ತೋರಿಸಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಕಾರ್ಖಾನೆಯ ನಂಟಿಲ್ಲದವರು ತಮ್ಮ ಸೊಸಾಯಿಟಿಯ ನೀರಿನ ಟಾಕಿಯಿಂದಲೇ ಆರಂಭಿಸಬಹುದು. ಉಕ್ಕಿ ಹರಿದು ಪೋಲಾಗುವ ನೀರು ಉಳಿದರೆ ಕೆಳಗಿನ ಮನೆಯ ಅಜ್ಜಿಯೂ ಹರಸುತ್ತಾಳೆ.

ಮುಂದಿನ ಭಾನುವಾರ ಅಪ್ಪನೊಡನೆಯೋ ಮಾವನೊಡನೆಯೋ ಒಮ್ಮೆ ಶೆಡ್ಡಿಗೆ ಹೋಗಿಬನ್ನಿ. ಮೊಬೈಲು ಕಿಸೆಯಲ್ಲೇ ಇರಲಿ. “ಕಾಕಾ, ಈ ಮಶೀನು ಸರಿಯಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ?” ಎಂದು ಕೇಳಿ, ಅವರ ಉತ್ತರ ಮುಗಿಯುವ ತನಕ ಕೇಳಿಸಿಕೊಳ್ಳಿ. ಯಾವ ಸೆನ್ಸರ್ ಕೊಳ್ಳಬೇಕು, ಎಲ್ಲಿ ಕೂರಿಸಬೇಕು ಎಂಬುದು ಆ ಉತ್ತರದಲ್ಲೇ ಇರುತ್ತದೆ.